ಬೀಗದವನ ಮಂತ್ರ

“ಕನ್ನ ಹಾಕಿದವನನ್ನು ಬಿಟ್ಟು ಬೀಗ ಮಾಡಿದವನನ್ನು ಹಿಡಿಯುವುದು ಯಾವ ನ್ಯಾಯ, ಬುದ್ಧಿ?”

ಹೀಗೆ ಕೇಳಿದವಳು ದಾಕ್ಷಾಯಿಣಿ. ಕೇಳಿದ್ದು ತನ್ನ ಗುರುಗಳನ್ನು. ಆ ಸೀಮೆಯಲ್ಲಿ ಮಠದ ಸ್ವಾಮಿಗಳನ್ನು ‘ಬುದ್ಧಿ’ ಎಂದೇ ಕರೆಯುವುದು ವಾಡಿಕೆ. ಮಧ್ಯಾಹ್ನದ ಪ್ರಸಾದ ಮುಗಿಸಿ ಗುರುಗಳು ಮಠದ ಜಗಲಿಯಲ್ಲಿ ಕುಳಿತಿದ್ದರು. ಅಡ್ಡಬಿದ್ದವಳು ಎದ್ದು ನಿಲ್ಲುವ ಮೊದಲೇ ಪ್ರಶ್ನೆ ಅವಳ ಬಾಯಿಂದ ಹೊರಬಿದ್ದಿತ್ತು.

“ಮೊದಲು ಕೂತ್ಕೊ ತಾಯಿ. ನ್ಯಾಯ ಎಲ್ಲಿಗೂ ಓಡಿಹೋಗಲ್ಲ,” ಎಂದರು ಗುರುಗಳು.

ಅವಳು ಕುಳಿತಳು. ನಡೆದದ್ದನ್ನು ಹೇಳಿದಳು.

ದಾಕ್ಷಾಯಿಣಿಯದು ಸಾಫ್ಟ್‌ವೇರ್ ಮಾಡುವ ಸಂಸ್ಥೆ. ತಾನೇ ನಿಂತು ಕಟ್ಟಿದ್ದು. ಕೆಲವು ಜಿಲ್ಲೆಗಳಲ್ಲಿ ಆಂಬುಲೆನ್ಸಿಗಾಗಿ ಜನ ಫೋನ್ ಮಾಡಿದರೆ, ಕರೆದವರು ಎಲ್ಲಿದ್ದಾರೆ, ಅವರಿಗೆ ಹತ್ತಿರದ ಗಾಡಿ ಯಾವುದು ಎಂದು ಗೊತ್ತುಮಾಡಿ ಚಾಲಕನಿಗೆ ತಿಳಿಸುವುದು ಅವಳ ಸಾಫ್ಟ್‌ವೇರಿನ ಕೆಲಸ. ಕಳೆದ ತಿಂಗಳು ಎಲ್ಲಿಯವರೋ ಯಾರೋ ಕಳ್ಳರು ಅದರಲ್ಲಿದ್ದ ಒಂದು ಬಿರುಕನ್ನು ಹುಡುಕಿ ಒಳಗೆ ನುಗ್ಗಿದರು. ಪರದೆಗಳೆಲ್ಲ ಕಪ್ಪಾದವು. ಹಣ ಕೊಟ್ಟರೆ ಬಿಡುತ್ತೇವೆ ಎಂಬ ಒಂದು ಸಾಲು ಮಾತ್ರ ಅವುಗಳ ಮೇಲೆ ಉಳಿಯಿತು. ಅದೇ ಹೊತ್ತಿನಲ್ಲಿ ಒಂದು ಊರಿನಲ್ಲಿ ಹೂ ಮಾರುವ ಹೆಂಗಸೊಬ್ಬಳು ಎದೆ ಹಿಡಿದುಕೊಂಡು ತನ್ನ ಮನೆಯ ಹೊಸ್ತಿಲ ಮೇಲೆ ಕುಸಿದಳು. ಮನೆಯವರು ಫೋನ್ ಮಾಡಿದರು, ಮತ್ತೆ ಮಾಡಿದರು. ಗಾಡಿ ಪಕ್ಕದ ಬೀದಿಯಲ್ಲೇ ನಿಂತಿತ್ತು. ಎಲ್ಲಿಗೆ ಹೋಗಬೇಕೆಂಬುದು ಚಾಲಕನಿಗೆ ತಿಳಿಯಲಿಲ್ಲ. ಹೂವಿನವಳು ಉಳಿಯಲಿಲ್ಲ.

ಕಳ್ಳರು ಇನ್ನೂ ಸಿಕ್ಕಿಲ್ಲ. ಆದರೆ ಸರ್ಕಾರ ಹೊಸ ಕಾನೂನೊಂದನ್ನು ತರಲು ಹೊರಟಿದೆ. ಸಾಫ್ಟ್‌ವೇರಿನ ದೋಷದಿಂದ ಸಾರ್ವಜನಿಕರಿಗೆ ಕೇಡಾದರೆ ಅದನ್ನು ಮಾಡಿದವರೇ ಹೊಣೆ ಎನ್ನುತ್ತದೆ ಆ ಕಾನೂನು. ನಾಳೆ ಬೆಳಗ್ಗೆ ಅದನ್ನು ಪರಿಶೀಲಿಸುವ ಸಮಿತಿಯ ಎದುರು ಸಾಫ್ಟ್‌ವೇರ್ ಮಾಡುವವರೆಲ್ಲರ ಪರವಾಗಿ ದಾಕ್ಷಾಯಿಣಿ ಮಾತನಾಡಬೇಕು. ಏಟು ತಿಂದದ್ದು ಅವಳ ಸಂಸ್ಥೆಯೇ ಆದ್ದರಿಂದ ಅವಳ ಮಾತಿಗೆ ತೂಕ ಹೆಚ್ಚು. ಅವಳು ಬೇಡವೆಂದರೆ ಕಾನೂನು ಅಲ್ಲಿಗೇ ನಿಂತೀತು.

“ದೋಷ ಇಲ್ಲದ ಸಾಫ್ಟ್‌ವೇರ್ ಲೋಕದಲ್ಲೇ ಇಲ್ಲ ಬುದ್ಧಿ. ಅದನ್ನ ನಾವು ಮುಚ್ಚಿಟ್ಟಿಲ್ಲ, ಷರತ್ತುಗಳಲ್ಲಿ ಮೊದಲೇ ಹೇಳಿದೀವಿ. ತಗೊಂಡವರು ಒಪ್ಪಿದೆ ಅಂತ ಒತ್ತಿಯೇ ತಗೊಂಡಿದಾರೆ. ಇದಕ್ಕೂ ಮೀರಿ ನಮ್ಮನ್ನೇ ಹೊಣೆ ಮಾಡಿದ್ರೆ ನಮ್ಮಂಥ ಸಣ್ಣವರೆಲ್ಲ ಬಾಗಿಲು ಹಾಕ್ಕೊಂಡು ಹೋಗಬೇಕಾಗುತ್ತೆ. ಇದನ್ನೇ ನಾಳೆ ಹೇಳೋಣ ಅಂತಿದೀನಿ.”

ಎಲ್ಲವನ್ನೂ ಹೇಳಿದಳು. ಒಂದು ಸಂಗತಿಯನ್ನು ಮಾತ್ರ ಬಿಟ್ಟಳು.

ಗುರುಗಳು ತಲೆದೂಗಿದರು. ಅದು ಒಪ್ಪಿ ತಲೆದೂಗಿದ್ದಲ್ಲ; ಇಷ್ಟು ಹೊತ್ತು ಕೇಳಿದೆ ಎಂಬುದಷ್ಟೇ.

“ನಿನ್ನ ಯಂತ್ರದ ವಿಚಾರ ನನಗೆ ಗೊತ್ತಾಗಲ್ಲ. ಬೀಗ ಅಂದೆಯಲ್ಲ, ಬೀಗದ ಕತೆ ಒಂದಿದೆ. ಅದನ್ನ ಹೇಳ್ತೀನಿ, ಕೇಳು,” ಎಂದು ಕತೆಗೆ ತೊಡಗಿದರು.

ಹೊಳೆಯ ದಂಡೆಯ ಮೇಲೆ ಒಂದು ಪಟ್ಟಣವಿತ್ತು. ಅಲ್ಲಿ ಬೀಗ ಮಾಡುವವನೊಬ್ಬನಿದ್ದ. ಅವನು ಬರುವುದಕ್ಕೆ ಮೊದಲು ಆ ಪಟ್ಟಣದವರಿಗೆ ಬೀಗವೆಂದರೆ ಏನೆಂದು ಗೊತ್ತಿರಲಿಲ್ಲ. ಬಾಗಿಲಿಗೆ ಮರದ ಅಗುಳಿ ಇತ್ತು, ಅಂಗಳದಲ್ಲಿ ನಾಯಿ ಇತ್ತು, ಜಗಲಿಯಲ್ಲಿ ಕೆಮ್ಮುತ್ತ ಮಲಗುವ ಒಬ್ಬ ಮುದುಕನಿದ್ದ. ಕಾವಲು ಎಂದರೆ ಇಷ್ಟೇ.

ಅವನು ಮಾಡಿದ ಬೀಗ ಅಂಗೈಯಷ್ಟಿತ್ತು. ಕೀಲಿ ತಿರುಗಿಸಿದರೆ ಕಬ್ಬಿಣದ ಹೊಟ್ಟೆಯೊಳಗೆ ಸಣ್ಣಗೆ ಒಂದು ದನಿ ಬರುತ್ತಿತ್ತು, ಕೊಂಡಿ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಜನ ಆ ದನಿ ಕೇಳುವುದಕ್ಕೆಂದೇ ಅವನ ಕುಲುಮೆಯ ಮುಂದೆ ನಿಲ್ಲುತ್ತಿದ್ದರು. ಗರಡಿಯ ಪೈಲ್ವಾನನೊಬ್ಬ ಅದನ್ನು ಹಿಡಿದು ಎಳೆದ. ಅವನ ಮುಖ ಕೆಂಪಾಯಿತು, ಬೀಗ ಅಲುಗಲಿಲ್ಲ. ಎತ್ತು ಕಟ್ಟಿ ಎಳೆಸಿದರು. ಬಾಗಿಲ ಚೌಕಟ್ಟೇ ಕಿತ್ತು ಬಂತು, ಬೀಗ ಬಿಚ್ಚಲಿಲ್ಲ. ಊರಿಗೆ ಊರೇ ಬೆರಗಾಯಿತು. ಮನುಷ್ಯನ ಕೈಯಿಂದ ಇಂಥದ್ದು ಆದೀತೆಂದು ಯಾರೂ ನೆನೆಸಿರಲಿಲ್ಲ.

ಮನೆಗಳಿಗೆ ಬೀಗ ಬಂತು. ಕಣಜಗಳಿಗೆ ಬಂತು. ಹೊಳೆ ದಾಟಿಸುವ ದೋಣಿಗಳ ಸರಪಳಿಗೂ ಬಂತು. ಕೆಮ್ಮುವ ಮುದುಕರು ಮನೆಯೊಳಗೆ ಬೆಚ್ಚಗೆ ಮಲಗಿದರು.

ಆ ಊರಿನವರಿಗೆ ಒಂದು ಹುಚ್ಚು ವಾಡಿಕೆ ಬೆಳೆಯಿತು. ಮಗಳನ್ನು ಕೊಟ್ಟವರು ನಮಗೆ ಬೀಗರು. ಬೀಗವನ್ನು ಕೊಟ್ಟವನೂ ಬೀಗನೇ ಅಲ್ಲವೇ ಎಂದು ಯಾರೋ ತಮಾಷೆಗೆ ಅಂದರು. ತಮಾಷೆ ಅಂಟಿಕೊಂಡಿತು. ಯಾರ ಮನೆಗೆ ಬೀಗ ಹಾಕಿದರೂ ಅವನಿಗೆ ಅಂದು ಆ ಮನೆಯಲ್ಲಿ ಬೀಗರ ಊಟ. ಪಂಕ್ತಿಯ ಮೊದಲ ಎಲೆಗೆ ಕೂರಿಸಿ, ಹೋಳಿಗೆ ಬಡಿಸಿ, ಮೇಲೆ ತುಪ್ಪ ಸುರಿದು, “ಇನ್ನೊಂದು ಹಾಕಿಸ್ಕೊಳ್ಳಿ ಬೀಗರೇ” ಎಂದು ಉಪಚಾರ. ಅವನೂ ಬೀಗುತ್ತಲೇ ಉಂಡ. ಇಡೀ ಪಟ್ಟಣಕ್ಕೆ ಬೀಗನಾಗುವ ಯೋಗ ಎಷ್ಟು ಜನಕ್ಕೆ ಬರುತ್ತದೆ?

ಇನ್ನೊಂದು ವಾಡಿಕೆಯೂ ಇತ್ತು. ಬೀಗವನ್ನು ಬಾಗಿಲಿಗೆ ಹಾಕಿ, ಕೀಲಿಯನ್ನು ಮನೆಯೊಡೆಯನ ಕೈಗೆ ಕೊಡುವ ಮೊದಲು, ಅವನು ಕಣ್ಣು ಮುಚ್ಚಿ ಒಂದೇ ಉಸಿರಿನಲ್ಲಿ ಏನನ್ನೋ ಹೇಳುತ್ತಿದ್ದ. ಒಂದು ಮಾತಿನ ಬಾಲವನ್ನು ಇನ್ನೊಂದು ಮಾತು ತುಳಿಯುವಷ್ಟು ವೇಗ. ಯಾರಿಗೂ ತಿಳಿಯುತ್ತಿರಲಿಲ್ಲ. ಸಂಸ್ಕೃತವಿರಬೇಕು ಎಂದರು ಕೆಲವರು. ಅವನ ವಂಶದ ಗುಪ್ತ ಮಂತ್ರ ಎಂದರು ಇನ್ನು ಕೆಲವರು. ಅವನು ಹೇಳತೊಡಗಿದರೆ ಮನೆಯವರೆಲ್ಲ ಕೈ ಮುಗಿದು ನಿಲ್ಲುತ್ತಿದ್ದರು. ಹಸುಗೂಸುಗಳನ್ನು ಎತ್ತಿಕೊಂಡು ಬಂದು ಮುಂದೆ ಹಿಡಿಯುತ್ತಿದ್ದರು. ಮುಗಿದಾಗ ಎಲ್ಲರೂ ಭಕ್ತಿಯಿಂದ, “ಆಗಲಿ” ಎನ್ನುತ್ತಿದ್ದರು. ಅವನು ಕೀಲಿ ಕೊಡುತ್ತಿದ್ದ. ದೋಣಿಗಳಿಗೆ ಬೀಗ ಹಾಕಿದ ದಿನ ದಂಡೆಯ ಮೇಲೆ ಸೇರಿದ್ದ ಜನರೆಲ್ಲ ಒಟ್ಟಿಗೆ ‘ಆಗಲಿ’ ಎಂದದ್ದು ಆಚೆ ದಡಕ್ಕೂ ಕೇಳಿಸಿತಂತೆ.

ದಾಕ್ಷಾಯಿಣಿ ನಕ್ಕಳು. ಗುರುಗಳೂ ನಕ್ಕು ಮುಂದುವರಿಸಿದರು.

ಒಂದು ದಿನ ತುಕ್ಕು ಹಿಡಿದ ಬೀಗವೊಂದು ದುರಸ್ತಿಗೆ ಬಂತು. ಕೈ ಜಾರದಿರಲೆಂದು ಅವನು ಅದಕ್ಕೆ ಒದ್ದೆ ಬಟ್ಟೆ ಸುತ್ತಿ, ಕೆಳಕ್ಕೆ ಎಳೆದು, ಎಡಕ್ಕೆ ತಿರುವಿದ. ಬೀಗ ತೆರೆದುಕೊಂಡಿತು. ಕೀಲಿ ಇನ್ನೂ ಅವನ ಸೊಂಟದಲ್ಲೇ ಇತ್ತು.

ತುಕ್ಕಿನಿಂದ ಹೀಗಾಗಿರಬೇಕು ಎಂದುಕೊಂಡ. ಹೊಸ ಬೀಗವೊಂದನ್ನು ತೆಗೆದುಕೊಂಡು ಅದೇ ಒದ್ದೆ ಬಟ್ಟೆ ಸುತ್ತಿ ಹಾಗೆಯೇ ತಿರುವಿದ. ಅದೂ ತೆರೆಯಿತು. ಇನ್ನೊಂದನ್ನು ತೆಗೆದುಕೊಂಡ, ಅದೂ ತೆರೆಯಿತು. ಎದ್ದು ಕುಲುಮೆಯ ಬಾಗಿಲಿಗೆ ಬಂದು ಬೀದಿಯನ್ನು ನೋಡಿದ. ಬಿಸಿಲಿನಲ್ಲಿ ಆ ತುದಿಯಿಂದ ಈ ತುದಿಯವರೆಗೆ ಮನೆಮನೆಯ ಬಾಗಿಲಲ್ಲೂ ಅವನ ಬೀಗ ಹೊಳೆಯುತ್ತಿತ್ತು. ಎಲ್ಲವೂ ಒಂದೇ ಅಚ್ಚಿನವು. ಒಂದು ತೆರೆಯಿತೆಂದರೆ ಊರೇ ತೆರೆಯಿತು. ತನ್ನ ಕೈಗೆ ಇಷ್ಟು ಶಕ್ತಿಯಿದೆ ಎಂದು ಅವನಿಗೆ ಅಂದೇ ಮೊದಲು ತಿಳಿದದ್ದು, ತಿಳಿದು ಹೆದರಿದ್ದೂ ಅಂದೇ.

ಆದರೆ ಹೆದರಿಕೆ ಸಂಜೆಯವರೆಗೂ ಉಳಿಯಲಿಲ್ಲ. ಅವನು ಯೋಚಿಸಿದ. ಊರಿಗೆ ಹೇಳಿದರೆ ಕಳ್ಳರ ಕಿವಿಗೂ ಬೀಳುತ್ತದೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಒಳಗಿನ ಹಲ್ಲನ್ನು ಚೂರು ಉದ್ದ ಮಾಡಿದರೆ ದೋಷ ಹೋಗುತ್ತದೆ. ಈಗ ಮಾಡಿಟ್ಟಿರುವ ಬೀಗಗಳು ಮಾರಿಹೋಗಲಿ, ಮುಂದಿನ ಸಲದ ಬೀಗಗಳಲ್ಲಿ ಸರಿಮಾಡಿದರಾಯಿತು. ತಪ್ಪೇನು? ಲೆಕ್ಕಾಚಾರ ಎಲ್ಲ ಸರಿಯಾಗಿಯೇ ಇತ್ತು. ಆ ಸಂಜೆಯೂ ಅವನಿಗೆ ಯಾರದೋ ಮನೆಯಲ್ಲಿ ಬೀಗರ ಊಟವಿತ್ತು. ಹೋಗಿ ಉಂಡು ಬಂದ.

ದಾಕ್ಷಾಯಿಣಿಯ ನಗೆ ನಿಂತಿತ್ತು. ಅವಳು ಗುರುಗಳಿಗೆ ಹೇಳದೆ ಬಿಟ್ಟದ್ದು ಇದನ್ನೇ. ಅವಳ ಕೈಕೆಳಗಿನ ಇಂಜಿನಿಯರೊಬ್ಬಳು ಕಳ್ಳರು ನುಗ್ಗುವುದಕ್ಕೆ ಬಹಳ ಮೊದಲೇ, ಯುಗಾದಿಯ ಹೊತ್ತಿಗೇ, ಆ ಬಿರುಕನ್ನು ತೋರಿಸಿದ್ದಳು. “ಮುಂದಿನ ಆವೃತ್ತಿಯಲ್ಲಿ ನೋಡೋಣ, ಈಗ ಬೇಡ,” ಎಂದು ದಾಕ್ಷಾಯಿಣಿಯೇ ಹೇಳಿದ್ದಳು. ಅದು ಅವರಿಬ್ಬರನ್ನು ಬಿಟ್ಟು ಯಾರಿಗೂ ತಿಳಿದಿರಲಿಲ್ಲ. ಗುರುಗಳಿಗೆ ಹೇಗೆ ತಿಳಿಯಿತು? ತಿಳಿದಿರಲಾರದು, ಇದು ಬರೀ ಕತೆ, ಎಂದು ತನಗೆ ತಾನೇ ಹೇಳಿಕೊಂಡಳು. ಗುರುಗಳು ಅವಳ ಮುಖವನ್ನು ನೋಡುತ್ತಿರಲಿಲ್ಲ. ಅಂಗಳದಲ್ಲಿ ಒಣಹಾಕಿದ್ದ ರಾಗಿಯನ್ನು ಮುಕ್ಕುತ್ತಿದ್ದ ಗುಬ್ಬಿಗಳ ಕಡೆ ನೋಡುತ್ತ ಕತೆ ಹೇಳುತ್ತಿದ್ದರು.

ಒದ್ದೆ ಬಟ್ಟೆ ಯಾರೊಬ್ಬರ ಸ್ವತ್ತೂ ಅಲ್ಲ. ಅವನಿಗೆ ಸಿಕ್ಕಿದ ಉಪಾಯ ಇನ್ನೊಬ್ಬರಿಗೂ ಸಿಕ್ಕಿತು. ಮಳೆಗಾಲದ ಒಂದು ಬೆಳಗ್ಗೆ ಊರಿನವರು ಎದ್ದು ನೋಡಿದರೆ ಕಣಜಗಳ ಬಾಗಿಲೆಲ್ಲ ತೆರೆದಿವೆ. ಕಾಳು ಹೋಗಿದೆ. ಅದಕ್ಕಿಂತ ಅವರನ್ನು ನಡುಗಿಸಿದ್ದು ಬೀಗಗಳು. ಒಂದೂ ಒಡೆದಿರಲಿಲ್ಲ, ಒಂದರ ಮೇಲೂ ಗೀರು ಬಿದ್ದಿರಲಿಲ್ಲ. ಎಲ್ಲವೂ ಕೊಂಡಿ ಬಿಚ್ಚಿಕೊಂಡು ಬಾಗಿಲಿಗೆ ಸುಮ್ಮನೆ ನೇತಾಡುತ್ತಿದ್ದವು. ಒಡೆದಿದ್ದರೆ ಕಳ್ಳತನ ಎನ್ನಬಹುದಿತ್ತು. ಇದಕ್ಕೆ ಏನೆನ್ನಬೇಕು? ಜನ ಬೀಗವನ್ನು ಮುಟ್ಟಲೂ ಹೆದರಿ ದೂರ ನಿಂತರು.

ಕದ್ದವರು ಕಾಳನ್ನು ಸಾಗಿಸಲು ದೋಣಿಗಳ ಬೀಗವನ್ನೂ ತೆಗೆದಿದ್ದರು. ದೋಣಿಗಳನ್ನು ಕಟ್ಟುವ ಕಟ್ಟೆಯ ಬಳಿ ಒಂದು ದೋಣಿಯೂ ಉಳಿದಿರಲಿಲ್ಲ.

ಅಂದು ಬೆಳಗ್ಗೆಯೇ ಬುಟ್ಟಿ ಹೆಣೆಯುವವನೊಬ್ಬನ ಹೆಂಡತಿಗೆ ಬಿದಿರು ಕಡಿಯುವಾಗ ಹಾವು ಕಚ್ಚಿತು. ನಂಜು ಇಳಿಸುವ ವೈದ್ಯನ ಮನೆ ಹೊಳೆಯ ಆಚೆ ದಡದಲ್ಲಿತ್ತು. ಬುಟ್ಟಿಯವನು ಹೆಂಡತಿಯನ್ನು ಹೊತ್ತುಕೊಂಡು ಓಡಿಬಂದ. ದೋಣಿಯಿಲ್ಲ. ಹೊಳೆ ಎರಡೂ ದಡ ತುಂಬಿ ಹರಿಯುತ್ತಿತ್ತು. ಈಜಿ ದಾಟುವ ಮಾತೇ ಇರಲಿಲ್ಲ. ಅವನು ಕೂಗಿದ. ಆಚೆ ದಡದಲ್ಲಿ ವೈದ್ಯನಿಗೆ ಕೂಗು ಕೇಳಿಸಿತು. ಅವನು ಮದ್ದಿನ ಬಟ್ಟಲು ಹಿಡಿದುಕೊಂಡು ನೀರಿನ ಅಂಚಿಗೆ ಓಡಿಬಂದ. ಇವನು ಈ ದಡದಲ್ಲಿ, ಅವನು ಆ ದಡದಲ್ಲಿ. ಮದ್ದು ಕಣ್ಣಿಗೆ ಕಾಣುತ್ತಿತ್ತು. ಹೊತ್ತು ಏರಿತು. ಬುಟ್ಟಿಯವನು ಕೂಗುವುದನ್ನು ನಿಲ್ಲಿಸಿದ. ವೈದ್ಯ ಬಟ್ಟಲನ್ನು ಕೆಳಗಿಟ್ಟು, ನಿಂತಲ್ಲೇ ಕೈ ಮುಗಿದ.

ದಾಕ್ಷಾಯಿಣಿಗೆ ಪಕ್ಕದ ಬೀದಿಯಲ್ಲಿ ಸುಮ್ಮನೆ ನಿಂತಿದ್ದ ಗಾಡಿ ಕಣ್ಣಿಗೆ ಕಟ್ಟಿತು. ಅವಳು ಸೆರಗಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು.

ಮುಂದೆ ಊರಿನ ಸಭೆ ಸೇರಿತು. ಕಳ್ಳರು ಹೊಳೆಯ ತಗ್ಗಿನಲ್ಲಿ ಸಿಕ್ಕಿಬಿದ್ದಿದ್ದರು. ಅವರಿಗೆ ಆಗಬೇಕಾದ ಶಿಕ್ಷೆ ಆಯಿತು, ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಆದರೂ ಜನ ಏಳಲಿಲ್ಲ. ಒಬ್ಬ ವರ್ತಕ ಎದ್ದು ಬೀಗದವನ ಕಡೆ ಕೈ ತೋರಿಸಿದ.

“ಬೀಗ ಇವನದು. ಕೀಲಿ ನನ್ನ ಹತ್ತಿರವೇ ಇತ್ತು. ಆದರೂ ಬೀಗ ತೆರೆಯಿತು. ಇವನು ಉತ್ತರ ಕೊಡಬೇಕು,” ಎಂದ.

ಬೀಗದವನು ಗಾಬರಿಯಾಗಲಿಲ್ಲ. ಎದ್ದು ನಿಂತು, “ಕದ್ದವನು ನಾನಲ್ಲ. ಇನ್ನು ಬೀಗದ ಮಾತು. ಕೊಡುವಾಗಲೇ ಎಲ್ಲವನ್ನೂ ಹೇಳಿ ಕೊಟ್ಟಿದ್ದೇನೆ. ನೀವೆಲ್ಲ ಆಗಲಿ ಅಂದಿದ್ದೀರಿ,” ಎಂದ.

ಸಭೆಯಲ್ಲಿ ಗದ್ದಲವೆದ್ದಿತು. ಏನು ಹೇಳಿದ್ದ? ಯಾವಾಗ ಹೇಳಿದ್ದ? ಅದು ಮಂತ್ರವಲ್ಲವೇ?

ಊರಿನ ಯಜಮಾನ ಹೆಚ್ಚು ಮಾತಿನವನಲ್ಲ. ಅವನು ಎಲ್ಲರನ್ನೂ ಸುಮ್ಮನಿರಿಸಿ, “ಆ ಮಂತ್ರವನ್ನ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಪ್ಪ,” ಎಂದ.

ಬೀಗದವನು ಕಣ್ಣು ಮುಚ್ಚಿ ಶುರುಮಾಡಿದ. ಆಗಲಿಲ್ಲ. ಓಡುತ್ತ ಕಲಿತ ಮಾತು ನಡೆಯಲು ಒಪ್ಪಲಿಲ್ಲ. ನಿಧಾನ ಮಾಡಿದರೆ ತಡವರಿಸುತ್ತಿದ್ದ, ಮತ್ತೆ ಮೊದಲಿಂದ ಹಿಡಿದರೆ ನಾಲಗೆ ತಾನಾಗಿ ಓಡುತ್ತಿತ್ತು. ಕೆಲವರಿಗೆ ನಗೆ ಬಂತು. ಯಜಮಾನ ನಗಲಿಲ್ಲ. ಅವನನ್ನು ಹತ್ತಿರ ಕರೆದು, ಒಂದೊಂದೇ ಮಾತನ್ನು ಅವನ ಬಾಯಿಂದ ತೆಗೆಸಿ, ಎಲ್ಲರಿಗೂ ಕೇಳುವಂತೆ ತಾನೇ ಗಟ್ಟಿಯಾಗಿ ಹೇಳುತ್ತ ಹೋದ.

“ಒಡೆದರೆ ನಾನಲ್ಲ. ತೆರೆದರೆ ನಾನಲ್ಲ. ಕಳೆದರೆ ನಾನಲ್ಲ. ಕೆಟ್ಟರೆ ನಾನಲ್ಲ. ಇದ್ದದ್ದನ್ನು ಇದ್ದ ಹಾಗೆ ಕೊಟ್ಟೆ. ಒಪ್ಪಿದರೆ ಆಗಲಿ ಅನ್ನಿ.”

ಸಂಸ್ಕೃತವೂ ಅಲ್ಲ, ಗುಪ್ತ ಭಾಷೆಯೂ ಅಲ್ಲ. ತಾವು ದಿನಾ ಆಡುವ ಕನ್ನಡ. ಕೈ ಮುಗಿದು ನಿಂತದ್ದು ಈ ಮಾತಿಗೆ. ಕೂಸುಗಳನ್ನು ಮುಂದೆ ಹಿಡಿದದ್ದು ಈ ಮಾತಿಗೆ. ಆಶೀರ್ವಾದವೆಂದು ಕಣ್ಣಿಗೊತ್ತಿಕೊಂಡು ‘ಆಗಲಿ’ ಎಂದದ್ದೂ ಇದಕ್ಕೇ.

ಯಜಮಾನ ಬೀಗದವನ ಕಡೆ ತಿರುಗಿದ. ಆಮೇಲೆ, “ಹೆಣ್ಣು ಕೊಟ್ಟ ಬೀಗ ಊಟ ಮುಗೀತು ಅಂದ ತಕ್ಷಣ ನಂಟೂ ಮುಗೀತು ಅಂತಾನೇನಪ್ಪ?” ಎಂದು ಕೇಳಿದ. ಬೀಗದವನು ತಲೆ ತಗ್ಗಿಸಿದ. “ಬೀಗ ಹಾಕಿದ ಮನೆಮನೆಗೂ ಹೋಗು. ಈಗ ಹೇಳಿದ್ದನ್ನ ಹೀಗೇ ನಿಧಾನವಾಗಿ ಹೇಳು. ಕೇಳಿಸ್ಕೊಂಡ ಮೇಲೂ ಆಗಲಿ ಅಂದವರ ನಷ್ಟ ಅವರದು. ಅನ್ನದೆ ಇದ್ದವರಿಗೆ ನೀನೇ ಹೊಣೆ.”

ಬೀಗದವನಿಗೆ ಇದು ಹಗುರಾದ ತೀರ್ಪೆನಿಸಿತು. ಊರೆಲ್ಲ ತನ್ನ ಬೀಗರೇ, ಯಾರಾದರೂ ‘ಆಗಲಿ’ ಎಂದಾರು ಎಂದು ಹೊರಟ.

ಮೊದಲ ಮನೆಯ ಬಾಗಿಲಲ್ಲಿ ನಿಂತ. ಹೇಳಿದ. ಮನೆಯವರು ಕೇಳಿದರು. ಬೈಯಲಿಲ್ಲ, ಬಾಗಿಲು ಹಾಕಿಕೊಳ್ಳಲಿಲ್ಲ. ಸುಮ್ಮನೆ ನೋಡುತ್ತ ನಿಂತರು. ಅವನು ಕಾದ. ಆ ಒಂದು ಮಾತು ಬರಲಿಲ್ಲ. ಎರಡನೆಯ ಮನೆಯಲ್ಲೂ ಬರಲಿಲ್ಲ. ಬೀದಿಯುದ್ದಕ್ಕೂ ಅವನ ದನಿಯೊಂದೇ. ‘ನಾನಲ್ಲ, ನಾನಲ್ಲ’ ಎನ್ನುತ್ತ ಮನೆಯಿಂದ ಮನೆಗೆ ಹೋಗುವ ಮನುಷ್ಯ. ಅವನ ಹಿಂದೆ ಮಾತಿಲ್ಲದ ಬಾಗಿಲುಗಳು. ಅಷ್ಟು ದೊಡ್ಡ ಮೌನವನ್ನು ಆ ಊರು ಅದಕ್ಕೆ ಮೊದಲು ಕೇಳಿರಲಿಲ್ಲ. ನಡೆಯುತ್ತ ನಡೆಯುತ್ತ ಅವನಿಗೆ ತನ್ನ ಮಾತು ತನಗೇ ಕೇಳತೊಡಗಿತು. ಇಷ್ಟು ವರ್ಷ ಹೇಳಿದ್ದ, ಒಂದು ಸಲವೂ ಕೇಳಿಸಿಕೊಂಡಿರಲಿಲ್ಲ.

ಒಂದು ಮನೆಯಲ್ಲಿ ಕಿವಿ ಕೇಳದ ಅಜ್ಜಿಯೊಬ್ಬಳೇ ಇದ್ದಳು. ಬೀಗದವನನ್ನು ಕಂಡು ಅವಳ ಮುಖ ಅರಳಿತು. ಅವನ ತುಟಿ ಅಲ್ಲಾಡುವುದನ್ನು ನೋಡಿದಳು. ಮಂತ್ರ ಎಂದುಕೊಂಡಳು. ಹಿಂದಿನ ಹಾಗೆಯೇ ಕೈ ಮುಗಿದು, “ಆಗಲಿ ಕಣಪ್ಪ, ಆಗಲಿ,” ಎಂದಳು.

ಬೆಳಗ್ಗೆಯಿಂದ ಕಾದಿದ್ದ ಮಾತು ಸಿಕ್ಕಿತು. ತೀರ್ಪಿನ ಪ್ರಕಾರ ಆ ಮನೆಯ ಹೊಣೆ ಕಳೆಯಿತು. ಆದರೆ ಬೀಗದವನ ಕಾಲು ಮುಂದಕ್ಕೆ ಹೋಗಲಿಲ್ಲ. ಅವನು ಅಜ್ಜಿಯ ಮುಗಿದ ಕೈಗಳನ್ನು ಹಿಡಿದು ಬಿಡಿಸಿದ. “ಬೇಡಮ್ಮ. ನನಗೆ ಕೈ ಮುಗೀಬೇಡ. ಆ ಮಾತು ವಾಪಸ್ ತಗೊ,” ಎಂದ. ಅವಳಿಗೆ ಕೇಳಿಸಲಿಲ್ಲ. ಅವಳು ನಗುತ್ತಲೇ ಇದ್ದಳು, ಅವನು ಅಳುತ್ತಿದ್ದ.

ಊರು ಮುಗಿಯಿತು. ಊರಾಚೆ ಬುಟ್ಟಿಯವನ ಗುಡಿಸಲಿತ್ತು. ಅಲ್ಲಿಗೆ ಹೋಗೆಂದು ಯಾರೂ ಹೇಳಿರಲಿಲ್ಲ. ಬುಟ್ಟಿಯವನು ಬೀಗ ಕೊಂಡವನಲ್ಲ. ಆ ಗುಡಿಸಲಿಗೆ ಬಾಗಿಲೇ ಇರಲಿಲ್ಲ, ಅಡ್ಡಕ್ಕೊಂದು ಬಿದಿರಿನ ತಟ್ಟಿ ಅಷ್ಟೆ. ದೋಣಿಗಳಿಗೆ ಬೀಗ ಹಾಕಿದ ದಿನವೂ ಅವನು ಕಟ್ಟೆಗೆ ಬಂದಿರಲಿಲ್ಲ, ಬಿದಿರು ತರಲು ಹೋಗಿದ್ದ. ಅವನು ಎಂದೂ ಏನಕ್ಕೂ ‘ಆಗಲಿ’ ಎಂದವನಲ್ಲ. ಆದರೂ ಬೀಗದವನು ಹೋದ.

ಬುಟ್ಟಿಯವನು ತಲೆ ತಗ್ಗಿಸಿ ಬಿದಿರು ಸೀಳುತ್ತಿದ್ದ. ಅವನ ಮುಂದೆ ನಿಂತು ಏನು ಹೇಳಬೇಕೆಂದು ಬೀಗದವನಿಗೆ ತೋಚಲಿಲ್ಲ. ಅಭ್ಯಾಸವಾದ ಮಾತೇ ಬಾಯಿಗೆ ಬಂತು. ಈಗ ಅದು ತಡವರಿಸದೆ ನಿಧಾನವಾಗಿ ಬಂತು.

“ಒಡೆದರೆ ನಾನಲ್ಲ. ತೆರೆದರೆ ನಾನಲ್ಲ. ಕಳೆದರೆ ನಾನಲ್ಲ…”

ಬುಟ್ಟಿಯವನು ತಲೆಯೆತ್ತಿದ.

“ಮತ್ಯಾರಣ್ಣ?” ಎಂದು ಕೇಳಿದ.

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಚುಚ್ಚುವ ಮನಸ್ಸಿರಲಿಲ್ಲ. ಅವನಿಗೆ ನಿಜವಾಗಿ ತಿಳಿಯಬೇಕಾಗಿತ್ತು.

ಮಠದ ಜಗಲಿಯಲ್ಲಿ ದಾಕ್ಷಾಯಿಣಿ ಆ ಪ್ರಶ್ನೆಯನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಹೇಳಿಕೊಂಡಳು. ಇಷ್ಟು ಸಣ್ಣ ಪ್ರಶ್ನೆಗೆ ಇಷ್ಟು ಬಲವೇ? ಸಮಿತಿಯವರು ಕೇಳಬಹುದಾದ ನೂರು ಪ್ರಶ್ನೆಗಳಿಗೆ ಅವಳು ಉತ್ತರ ಸಿದ್ಧ ಮಾಡಿಕೊಂಡಿದ್ದಳು. ಇದು ಅವುಗಳಲ್ಲಿ ಇರಲಿಲ್ಲ.

“ಬೀಗದವನ ಹತ್ತಿರ ಉತ್ತರ ಇರಲಿಲ್ಲ ಅಂತಲ್ಲ,” ಎಂದರು ಗುರುಗಳು. “ಕಳ್ಳರು ಅನ್ನಬಹುದಾಗಿತ್ತು. ಸುಳ್ಳೂ ಅಲ್ಲ ಅದು. ಆದ್ರೆ ಒದ್ದೆ ಬಟ್ಟೆ ನೆನಪಾಯ್ತು ನೋಡು. ನಾಲಗೆ ಏಳಲಿಲ್ಲ.”

ಬೀಗದವನು ಅಲ್ಲೇ ನೆಲದ ಮೇಲೆ ಕುಳಿತ. ಊರಿನಲ್ಲಿ, ಸಭೆಯಲ್ಲಿ, ಯಾರಿಗೂ ಹೇಳದಿದ್ದುದನ್ನು ಬುಟ್ಟಿಯವನಿಗೆ ಹೇಳಿದ. ಬೀಗ ತೆರೆದುಕೊಂಡ ದಿನ, ಬೀದಿಯುದ್ದಕ್ಕೂ ಹೊಳೆಯುತ್ತಿದ್ದ ಬೀಗಗಳು, ಮುಂದಿನ ಸಲ ಸರಿಮಾಡೋಣ ಎಂದುಕೊಂಡದ್ದು, ಆ ಸಂಜೆ ಉಂಡ ಹೋಳಿಗೆ. ಒಂದನ್ನೂ ಬಿಡಲಿಲ್ಲ.

“ಬುಟ್ಟಿಯವನು ಏನಂದ, ಬುದ್ಧಿ?” ಎಂದು ಕೇಳಿದಳು ದಾಕ್ಷಾಯಿಣಿ.

“ಏನೂ ಅನ್ನಲಿಲ್ಲ ತಾಯಿ. ಕೂತಿದ್ದ ಚಾಪೆ ಮೇಲೆ ಸ್ವಲ್ಪ ಸರಿದು ಜಾಗ ಬಿಟ್ಟ.”

ಮಾರನೆಯ ದಿನ ಬೀಗದವನು ತಾನೇ ಬೀದಿಬೀದಿಯಲ್ಲಿ ನಿಂತು ಒದ್ದೆ ಬಟ್ಟೆಯ ಗುಟ್ಟನ್ನು ಕೂಗಿ ಹೇಳಿದ. ಬೀಗಗಳನ್ನೆಲ್ಲ ಕಳಚಿ ತಂದು, ಒಂದೊಂದರ ಹೊಟ್ಟೆಯನ್ನೂ ಬಿಚ್ಚಿ ಸರಿಮಾಡಿದ. ಅಲ್ಲಿಯವರೆಗೆ ಕೆಮ್ಮುವ ಮುದುಕರು ಮತ್ತೆ ಜಗಲಿಗೆ ಬಂದು ಮಲಗಿದರು. ಬೀಗ ಹಾಕುವಾಗ ಮಂತ್ರ ಹೇಳುವುದು ಆ ಊರಿನಲ್ಲಿ ಅಲ್ಲಿಗೆ ನಿಂತಿತು. ಅದರ ಬದಲಿಗೆ, ಕೀಲಿಯನ್ನು ಕೈಗೆ ತೆಗೆದುಕೊಳ್ಳುವ ಮೊದಲು ಮನೆಯವರು ಕೇಳಬೇಕು: ‘ತೆರೆದರೆ ಯಾರು?’ ಬೀಗ ಮಾಡಿದವನು ‘ನಾನು’ ಎನ್ನಬೇಕು. ಹಾಗೆನ್ನಲು ಧೈರ್ಯ ಸಾಲದೆ ಕೆಲವರು ಕಸುಬು ಬಿಟ್ಟರು. ಉಳಿದವರು ಬೀಗವನ್ನು ಮಾರುವ ಮೊದಲು ಒದ್ದೆ ಬಟ್ಟೆ ಸುತ್ತಿ, ಎಣ್ಣೆ ಹಚ್ಚಿ, ನೀರಿಗೆ ಹಾಕಿ, ಬೆಂಕಿಗೆ ಹಿಡಿದು, ತಾವೇ ಕಳ್ಳರಾಗಿ ನೋಡತೊಡಗಿದರು. ಅಲ್ಲಿಂದೀಚೆಗೆ ಅವರಿಗೆ ಬಡಿಸಿದ ಬೀಗರ ಊಟ ಅರಗಿತು.

ಕತೆ ಮುಗಿಯಿತು. ಗುರುಗಳು ಕೈಯೆತ್ತಿ ಹುಶ್ ಎಂದರು. ರಾಗಿಯ ಮೇಲಿದ್ದ ಗುಬ್ಬಿಗಳು ಹಾರಿದವು.

ದಾಕ್ಷಾಯಿಣಿ ಕುಳಿತೇ ಇದ್ದಳು. ಬರುವಾಗ ಅವಳಲ್ಲಿ ಒಂದು ವಾದವಿತ್ತು, ಅದು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಎದುರಿಗಿದ್ದ ಮುದುಕರನ್ನು ಅವಳು ಚಿಕ್ಕಂದಿನಿಂದ ನೋಡಿದ್ದಳು. ಇವತ್ತು ಅವರ ಮುಖ ನೋಡಲು ಭಯವಾಯಿತು, ನೋಡದೆ ಇರಲೂ ಆಗಲಿಲ್ಲ.

“ಹಾಗಾದ್ರೆ ನಾಳೆ ಅವರ ಮುಂದೆ ನಾನು ಏನು ಹೇಳ್ಲಿ, ಬುದ್ಧಿ?” ಎಂದು ಕೇಳಿದಳು.

“ನಾಳೆ ಅಲ್ಲಿ ಹೇಳೋದನ್ನ ಇವತ್ತು ಆ ಹೂವಿನವಳ ಮನೆ ಮುಂದೆ ನಿಂತು ನಿಧಾನವಾಗಿ ಹೇಳಿ ಬಾ, ತಾಯಿ.”